‘ಮಾದರಿಯಂತಿಲ್ಲ’ ಎಂದು ಅಂಕ ಕಡಿತ

ಸಂಪಾದಕರೇ,

ನಿನ್ನೆಯ ಪತ್ರಿಕೆಯಲ್ಲಿ ಶಾಲೆಯ ‘ಸೃಜನಶೀಲ ಕಲಿಕಾ ಮೇಳ’ದ ವರದಿ ಓದಿ ಮೈ ಉರಿಯಿತು. ಫೋಟೊದಲ್ಲಿ ಅಧಿಕಾರಿಗಳೇ ತುಂಬಿದ್ದಾರೆ. ಮಕ್ಕಳು ಹಿಂದೆ ಎಲ್ಲೋ ಇರಬೇಕು.

ವರದಿಯಲ್ಲಿ ಬರದಿದ್ದನ್ನು ನಾನು ಹೇಳುತ್ತೇನೆ. ಮೇಳದ ಹಿಂದಿನ ರಾತ್ರಿ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇತುವೆಯ ಒಂದು ಫೋಟೊ ಬಂತು, ಕೆಳಗೆ ‘ಎಲ್ಲರೂ ಹೀಗೇ ಮಾಡಿ ತರಬೇಕು’ ಅಂತ. ಇದು ಸೃಜನಶೀಲತೆಯಂತೆ! ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ಥರ್ಮಾಕೋಲು ತಂದರೆ ಬೈಕಿನ ಮೇಲೇ ಅರ್ಧ ಮುರಿಯಿತು, ಅಂಟು ಒಣಗಿತ್ತು, ಮನೆಯಲ್ಲಿ ಬೈಗುಳ ಬೇರೆ. ಮಗಳು ಅದನ್ನು ಬದಿಗಿಟ್ಟು ಹಳೇ ಪೇಪರ್ ಸುರುಳಿ ಸುತ್ತಿ ತ್ರಿಕೋನಗಳಾಗಿ ಕಟ್ಟಿದಳು. (ನಿಮ್ಮ ಪತ್ರಿಕೆ ಅಷ್ಟಾದರೂ ಕೆಲಸಕ್ಕೆ ಬಂತು.) ಮೊದಲು ಚೌಕ ಮಾಡಿದ್ದಳು, ಅದು ಓರೆಯಾಯಿತು. ತ್ರಿಕೋನ ಅಲ್ಲಾಡಲಿಲ್ಲ, ಮೇಲೆ ಪುಸ್ತಕ ಪೇರಿಸಿದರೂ ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಯಲ್ಲಿ ಅದನ್ನು ಒತ್ತಿ ಕೂಡ ನೋಡಲಿಲ್ಲ, ‘ಮಾದರಿಯಂತಿಲ್ಲ’ ಅಂತ ಬರೆದು ಅರ್ಧ ಅಂಕ ಕತ್ತರಿಸಿದರು.

ಸ್ವಂತ ಯೋಚನೆ ಅಂತ ಬಿಟ್ಟರೆ ಲೆಕ್ಕ, ವಿಜ್ಞಾನ ಹಿಂದೆ ಬೀಳುತ್ತದೆ ಅಂತ ಮೇಳದ ಭಾಷಣದಲ್ಲಿ ಬೇರೆ ಹೇಳಿದರಂತೆ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯಲ್ಲಿ 2022ರಲ್ಲಿ ಸೃಜನಶೀಲ ಯೋಚನೆಯನ್ನೂ ಅಳೆದರು. 60ಕ್ಕೆ 41 ಪಡೆದು ಸಿಂಗಾಪುರ ಮೊದಲು ಬಂತು, ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ದೇಶಗಳ ಸರಾಸರಿ 33. ಅದೇ ಸಿಂಗಾಪುರ ಲೆಕ್ಕದಲ್ಲೂ ಮೊದಲು! ಅಲ್ಲಿಯೂ ಪರೀಕ್ಷೆಯ ಒತ್ತಡ ಏನು ಕಡಿಮೆ ಇಲ್ಲ, ಒಪ್ಪುತ್ತೇನೆ. ಆದರೆ ಒಂದು ಬಂದರೆ ಇನ್ನೊಂದು ಹೋಗುತ್ತದೆ ಅನ್ನೋದು ಸುಮ್ನೆ ಮಾತು ಅಲ್ವಾ?

ಟೀಚರನ್ನು ಮಾತ್ರ ಬೈದು ಏನು ಬಂತು? ಅವರ ಕೈಯಲ್ಲಿರುವ ಅಂಕದ ಪಟ್ಟಿಯಲ್ಲಿ ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಆ ಪಟ್ಟಿ ಹಾಗೇ ಇರುವಷ್ಟು ದಿನ ಇಂಥ ಎಷ್ಟು ಮೇಳ ಮಾಡಿದರೂ ದಂಡ. ಪಟ್ಟಿ ಮಾಡಿದ ಸಾಹೇಬರನ್ನು ಕೇಳೋಣ ಅಂದರೆ ಯಾವಾಗಲೂ ಮೀಟಿಂಗ್. ಪಠ್ಯಪುಸ್ತಕ ತಡವಾದಾಗಲೂ ಮೀಟಿಂಗ್, ಗೇಟಿನ ಮುಂದಿನ ಗುಂಡಿಗೆ ಮಕ್ಕಳು ಬಿದ್ದಾಗಲೂ ಮೀಟಿಂಗ್. ಕೊಟ್ಟ ಅರ್ಜಿಗೆ ಮಾತ್ರ ಇವತ್ತಿಗೂ ಉತ್ತರವಿಲ್ಲ.

ಅಂಕ ಕೊಡುವ ಪದ್ಧತಿ ಬದಲಿಸಿ, ಇಲ್ಲವೇ ಮೇಳ ನಿಲ್ಲಿಸಿ. ಎರಡೂ ಆಗಲ್ಲ ಅಂದರೆ ರಾತ್ರಿ ಮೆಸೇಜ್ ಹಾಕೋದನ್ನಾದರೂ ಬಿಡಿ. ಆ ಗುಂಡಿಯನ್ನೂ ಮುಚ್ಚಿಸಿ, ತಗೊಳ್ಳುವ ಸಂಬಳಕ್ಕೆ ಅಷ್ಟಾದರೂ ಮಾಡಿ.

— ಬೇಸತ್ತ ಪೋಷಕ