ಮಹಾಪ್ರಬಂಧದಲ್ಲಿ ಜಾಗ ಸಿಗದ ಕೃತಜ್ಞತೆ

ಕಳೆದ ವಾರ ನನ್ನ ಮೌಖಿಕ ಪರೀಕ್ಷೆ ಮುಗಿಯಿತು. ಹಕ್ಕಿಗಳ ಮೈಯೊಳಗಿನ ಪಾದರಸ, ಸೀಸ, ಕ್ಯಾಡ್ಮಿಯಂ, ಸೆಲೆನಿಯಂ ಎಂಬ ಜಪವನ್ನು ವರ್ಷಗಟ್ಟಲೆ ಕೇಳಿ ಬೇಸತ್ತ ನೀವೆಲ್ಲ ಇನ್ನು ನಿರಾಳವಾಗಿರಬಹುದು. ಯಾವ ಅಧ್ಯಾಯ ಎಷ್ಟು ಸಲ ತಿರುಗಿ ಬಂತು ಎಂಬುದು ನಿಮಗೆ ಗೊತ್ತೇ ಇದೆ. ಮಹಾಪ್ರಬಂಧದ ಕೃತಜ್ಞತೆಯ ಪುಟಕ್ಕೆ ಅದರದ್ದೇ ಒಂದು ಪಂಕ್ತಿಯಿದೆ: ಮಾರ್ಗದರ್ಶಕರು, ಸಮಿತಿ, ಅನುದಾನ, ಕೊನೆಗೆ ಕುಟುಂಬ. ಆ ಪಂಕ್ತಿಯಲ್ಲಿ ಕೂರಿಸಲಾಗದ ಒಬ್ಬರಿದ್ದಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉಳಿದವರು. ಕರಡನ್ನು ನಿಷ್ಕರುಣೆಯಿಂದ ತಿದ್ದಿದ ಮಾರ್ಗದರ್ಶಕಿ, ರಾತ್ರಿ ಯಂತ್ರ ಕೈಕೊಟ್ಟಾಗಲೆಲ್ಲ ಎದ್ದು ಬಂದ ಸಹಪಾಠಿಗಳು, ನ್ಯೂಜೆರ್ಸಿಯ ಎಡಿಸನ್ ಊರಿನಿಂದ ಅಕ್ಕಿ ರೊಟ್ಟಿ ಕಟ್ಟಿ ಕಳಿಸಿದ ಕನ್ನಡದ ಮನೆಗಳು, ಬಾಡಿಗೆ ತಡವಾದರೂ ಮಾತಾಡದ ಮನೆಯೊಡತಿ, ಎಲ್ಲರಿಗೂ ವಂದನೆ. ನಾನು ಹುಟ್ಟುವ ಮೊದಲೇ ಗರಿಗಳಲ್ಲಿ ಲೋಹ ಅಳೆಯುತ್ತಿದ್ದ ವಿಜ್ಞಾನಿಗಳಾದ ಜೋಆನಾ ಬರ್ಗರ್ ಮತ್ತು ಮೈಕೆಲ್ ಗೊಖ್‌ಫೆಲ್ಡ್ ಅವರ ಲೇಖನಗಳಿಲ್ಲದೆ ನನ್ನ ಕೆಲಸಕ್ಕೆ ತಲೆಬುಡ ಇರುತ್ತಿರಲಿಲ್ಲ.

"ಹಕ್ಕಿಯ ರಕ್ತ ಯಾಕೆ ತೆಗೆಯುತ್ತೀಯೆ?" ಎಂದು ಈಗಲೂ ಕೇಳುವ ದೊಡ್ಡಮ್ಮನಿಗೆ ಒಂದು ಮಾತು. ರೆಡ್ ನಾಟ್ ಎಂಬ ಹಕ್ಕಿ ದಕ್ಷಿಣ ಅಮೆರಿಕದ ತುದಿಯಿಂದ ಕೆನಡಾದ ಹಿಮಸೀಮೆಗೆ ಹೋಗುವ ದಾರಿಯಲ್ಲಿ, ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯ ಡೆಲವೇರ್ ಕೊಲ್ಲಿಗೆ ಇಳಿಯುತ್ತದೆ. ಬರುವಾಗ ಅದರ ಜಠರ ಕುಗ್ಗಿರುತ್ತದೆ, ಚಿಪ್ಪು ಪುಡಿಮಾಡುವ ಶಕ್ತಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಕುದುರೆಲಾಳದ ಏಡಿಗಳು ಮರಳಲ್ಲಿಟ್ಟ ಮೆತ್ತನೆಯ ಹಸಿರು ಮೊಟ್ಟೆ. ಅದನ್ನೇ ತಿಂದು ತಿಂದು ಸುಮಾರು 180 ಗ್ರಾಂ ತೂಗಿದರೆ ಮಾತ್ರ ಮುಂದಿನ ಹಾರಾಟ ಸುಸೂತ್ರ. ತಾಯಿ ಏಡಿಯ ಮೈಯಲ್ಲಿದ್ದ ಲೋಹ ಮೊಟ್ಟೆಗೆ, ಮೊಟ್ಟೆಯಿಂದ ಹಕ್ಕಿಗೆ. ರಕ್ತದಲ್ಲಿ ಈಚೆಗೆ ತಿಂದದ್ದರ ಲೆಕ್ಕ ಸಿಗುತ್ತದೆ. ರೆಕ್ಕೆಯ ಗರಿ ಬೆಳೆದದ್ದು ದೂರದ ದಕ್ಷಿಣದಲ್ಲಿ. ಬೆಳೆಯುವಾಗ ರಕ್ತದಿಂದ ಬಂದ ಪಾದರಸ ಗರಿಯ ಪ್ರೋಟೀನಾದ ಕೆರಾಟಿನ್‌ಗೆ ಅಂಟಿಕೊಂಡು, ಗರಿ ಬಲಿತ ಮೇಲೆ ಅಲ್ಲೇ ಉಳಿಯುತ್ತದೆ. ಒಂದೇ ಹಕ್ಕಿಯಲ್ಲಿ ಎರಡು ಊರಿನ ಊಟದ ಲೆಕ್ಕ, ಅಷ್ಟೇ ದೊಡ್ಡಮ್ಮ.

ಇನ್ನು ಆ ಒಬ್ಬರು. ನಿವೃತ್ತ ನರ್ಸ್. ಹಾವುಮೀನು ಹಿಡಿಯುವವರ ಎರೆಗೆಂದು ಏಡಿ ಹಿಡಿಯುವುದನ್ನು ನ್ಯೂಜೆರ್ಸಿ 2008ರಲ್ಲಿ ನಿಲ್ಲಿಸಿತಲ್ಲ, ಆ ಜಗಳದ ಕಾಲದಿಂದ ಪ್ರತಿ ಮೇ ತಿಂಗಳೂ ಆ ಕೊಲ್ಲಿಯ ರೀಡ್ಸ್ ಬೀಚಿನಲ್ಲಿ ಸ್ವಯಂಸೇವಕಿ. ಸಿಗರೇಟು ಬಿಟ್ಟಿಲ್ಲ, ಯಾರನ್ನೂ ಬೈಯದೆ ಬಿಟ್ಟಿಲ್ಲ. ಹಕ್ಕಿಗಳಿಗಾಗಿ ಮುಚ್ಚಿದ ದಂಡೆಗೆ ನಾಯಿ ಕರೆತಂದವರು ಅವರ ಬಾಯಿಗೆ ಸಿಕ್ಕರೆ ಮುಗಿಯಿತು. ಆದರೆ ಹಕ್ಕಿಯ ರೆಕ್ಕೆಯಡಿಯ ನೂಲಿನಂಥ ರಕ್ತನಾಳಕ್ಕೆ ಸೂಜಿ ತಾಗಿಸುವಾಗ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನನಗೆ ಕಲಿಸಿದ ಕೈ ಅದೇ.

ಆ ಸಂಜೆ ಅಣ್ಣನ ಫೋನ್ ಬಂದಾಗ ನನ್ನ ಅಂಗೈಯಲ್ಲಿ ಹಕ್ಕಿಯಿತ್ತು. ಊರಲ್ಲಿ ಆಗ ನಸುಕು. "ಮೊದಲು ಹಕ್ಕಿ" ಎಂದು ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಉಳಿದ ಕೆಲಸ ಮುಗಿಸಿ ನೀರಿನಂಚಿಗೆ ಬಿಟ್ಟು ಬಂದರು. ಅಪ್ಪನಿಗೆ ವೆಂಟಿಲೇಟರ್ ಹಾಕಿದ್ದರು. ವಿಮಾನ ಮರುದಿನ ಮಧ್ಯಾಹ್ನಕ್ಕೆ. ಉಳಿದವರೆಲ್ಲ ಭುಜ ತಟ್ಟಿ ಮಲಗಲು ಹೋದರು, ಅದರಲ್ಲಿ ತಪ್ಪೇನೂ ಇಲ್ಲ. ಆಕೆ ಮಾತ್ರ ಅಡುಗೆಮನೆಯ ಮೇಜಿನ ಮೇಲೆ ದಿನದ ಗರಿಗಳ ಲಕೋಟೆಗಳನ್ನೆಲ್ಲ ಸುರಿದು, "ಕಾಲಿನ ಸಂಖ್ಯೆ ಓದು, ನಾನು ಬರೆಯುತ್ತೇನೆ" ಎಂದರು.

ಓದಿದೆ. ಇಲ್ಲಿ ಹಿಡಿದ ಹಕ್ಕಿಗಳ ಕಾಲಿಗೆ ಸಂಖ್ಯೆಯಿರುವ ಹಸಿರು ಪತಾಕೆ, ಅರ್ಜೆಂಟೀನಾದಲ್ಲಿ ತೊಡಿಸಿದ್ದಾದರೆ ಕಿತ್ತಳೆ. ದಿನದ ದಾಖಲೆ ಪುಸ್ತಕದಲ್ಲಿ ಕಿತ್ತಳೆ ಬಂದಾಗ "ಇನ್ನೊಮ್ಮೆ, ಸರಿಯಾಗಿ" ಎನ್ನುತ್ತಿದ್ದರು. ಒಂದಕ್ಕೂ ಏಳಕ್ಕೂ ಗೊಂದಲವಾಗದಂತೆ ಪ್ರತಿ ಏಳಕ್ಕೂ ನಡುವೆ ಅಡ್ಡಗೆರೆ. ನಡುರಾತ್ರಿ ದಾಟಿ ಅಣ್ಣ ಮತ್ತೆ ಕರೆದ. ಫೋನ್ ಇಟ್ಟ ಮೇಲೆ ನಾನು ಏನೇನು ಅಂದೆನೋ, ಕನ್ನಡದಲ್ಲೇ ಅಂದಿದ್ದೆ. ಆಕೆ ದೇವರು, ವಿಧಿ, ಕಾಲ ಯಾವುದನ್ನೂ ಎತ್ತಲಿಲ್ಲ. ಬಹಳ ಹೊತ್ತು ನನ್ನ ಮಣಿಕಟ್ಟನ್ನು ನಾಡಿ ಹಿಡಿಯುವ ರೀತಿಯಲ್ಲಿ ಹಿಡಿದು ಕೂತಿದ್ದರು. ನಾನೇ ಮತ್ತೆ ಪುಸ್ತಕ ಎಳೆದುಕೊಂಡು ಮುಂದಿನ ಸಂಖ್ಯೆ ಓದಿದೆ. ಬೆಳಗಾದ ಮೇಲೆ ನೆವಾರ್ಕ್ ವಿಮಾನ ನಿಲ್ದಾಣದವರೆಗೆ ಕಾರು ಓಡಿಸಿದವರೂ ಅವರೇ, ದಾರಿಯುದ್ದಕ್ಕೂ ಲಾರಿಯವರನ್ನು ಬೈಯುತ್ತ.

ಕುಮಟಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಮುಖ ನೋಡಲಿಲ್ಲ. ಯಾವ ದೇಶದ ಹಕ್ಕಿ, ಅದರೊಳಗಿನ ಯಾವ ಪಾದರಸ, ಅದಕ್ಕಾಗಿ ಇದನ್ನು ಕಳೆದುಕೊಂಡೆನೇ ಎಂದು ಆಗ ಅನ್ನಿಸಿತ್ತು. ಈಗಲೂ ಕೆಲವು ಬೆಳಗ್ಗೆ ಅನ್ನಿಸುತ್ತದೆ, ಬರೆದರೆ ಹೋಗುವಂಥದ್ದಲ್ಲ.

ತಿಂಗಳುಗಳ ನಂತರ ಪ್ರಯೋಗಾಲಯದಲ್ಲಿ, ಗರಿಗಳನ್ನು ಅಸಿಟೋನಿನಲ್ಲಿ ತೊಳೆದು ಆಮ್ಲಕ್ಕೆ ಹಾಕುವ ಮೊದಲು, ಆ ರಾತ್ರಿಯ ಲಕೋಟೆಗಳು ಒಂದೊಂದಾಗಿ ಕೈಗೆ ಬಂದವು. ನಾನು ಓದುವಾಗ ಗಂಟಲು ಕಟ್ಟಿದ್ದು ನನಗೆ ನೆನಪಿದೆ. ಬರಹದಲ್ಲಿ ಮಾತ್ರ ಎಲ್ಲಿಯೂ ಒಂದು ಅಂಕಿ ತಪ್ಪಿರಲಿಲ್ಲ. ನನ್ನ ಮೂರನೆಯ ಅಧ್ಯಾಯ ನಿಂತಿರುವುದು ಆ ಅಡ್ಡಗೆರೆಯ ಏಳುಗಳ ಮೇಲೆ. ಆಕೆಗೆ ಕನ್ನಡ ಬರುವುದಿಲ್ಲ, ಇದನ್ನು ನಾನೇ ಓದಿ ಹೇಳಬೇಕು. ಅರ್ಧ ಬಿಟ್ಟೇ ಹೇಳುತ್ತೇನೆ, ಇಲ್ಲದಿದ್ದರೆ ಬೈಗುಳ ಖಚಿತ.

ಅಮ್ಮ, ನೀನು ಒಂದು ದಿನವೂ "ಸಾಕು, ಬಂದುಬಿಡು" ಅನ್ನಲಿಲ್ಲ. ಅಪ್ಪ ಒಮ್ಮೆ ಊಟದ ನಡುವೆ ಫೋನಿನಲ್ಲಿ ಕೇಳಿದ್ದರು: "ನಮ್ಮ ಅಘನಾಶಿನಿಯ ಬಳಚಿನಲ್ಲೂ ಇವೆಲ್ಲ ಇದೆಯೇನು?" ಬಳಚು ನೀರು ಸೋಸಿ ತಿನ್ನುವ ಚಿಪ್ಪಿನ ಜೀವಿ, ನೀರಿಗೆ ಬಂದದ್ದು ಅದರ ಮೈಗೂ ಬರುತ್ತದೆ, ಎಷ್ಟು ಎಂಬುದನ್ನು ಅಳೆದೇ ಹೇಳಬೇಕು ಎಂದಿದ್ದೆ. "ಹಾಗಾದರೆ ಅಳೆ" ಎಂದು ಇನ್ನೊಂದು ತುತ್ತು ಹಾಕಿಕೊಂಡಿದ್ದರು. ಅಳಿವೆಯ ಬಳಚು, ಅದನ್ನು ತಿನ್ನುವ ಹಕ್ಕಿಗಳು, ಎರಡನ್ನೂ ಸೇರಿಸಿ ಈಗ ಒಂದು ಅರ್ಜಿ ಬರೆಯುತ್ತಿದ್ದೇನೆ. ನರ್ಸಮ್ಮನಿಗೆ ಹೇಳಿದಾಗ ಅಭಿನಂದನೆ ಏನೂ ಬರಲಿಲ್ಲ. ನಿಮ್ಮೂರಲ್ಲಿ ಸೆಕೆ ಹೆಚ್ಚಲ್ಲವೇ, ಗರಿಗೆ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಲಕೋಟೆಯನ್ನೇ ತರಿಸು ಎಂದರು.