ಮಕ್ಕಳ ಕೈಗೆ ಮುಂಗುಸಿ ಕೂದಲಿನ ಬ್ರಷ್ ಬೇಡ

ಮಾನ್ಯ ಸಂಪಾದಕರೇ,

ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಜಮಖಂಡಿಯಲ್ಲಿ ಬಣ್ಣ, ಬ್ರಷ್, ಹಾಳೆಯ ವ್ಯಾಪಾರ ಜೋರು. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮೊನ್ನೆ ಮಕ್ಕಳಿಗೆ ಬ್ರಷ್ ತರಲು ಹೋದಾಗ ಅಂಗಡಿಯವರು ಒಳಗಿನಿಂದ ಒಂದು ಕಟ್ಟು ತಂದು, "ನೈಲಾನ್ ಯಾಕ್ರೀ ಮೇಡಂ, ಇದು ಅಸಲಿ ಕೂದಲದ್ದು ಐತಿ ನೋಡ್ರಿ" ಎಂದರು. ನೋಡಿದರೆ ಮುಂಗುಸಿ ಕೂದಲು. ತಾನಾಗಿ ಉದುರಿದ ಕೂದಲನ್ನು ಆರಿಸಿ ಮಾಡುತ್ತಾರೆ, ಪ್ರಾಣಿಗೇನೂ ಆಗಲ್ಲ ಅಂತ ಸಮಾಧಾನ ಬೇರೆ ಹೇಳಿದರು.

ಇದು ಸುಳ್ಳು. ಕುರಿಯ ಉಣ್ಣೆ ಕತ್ತರಿಸಿದಂತೆ ಮುಂಗುಸಿಯ ಕೂದಲನ್ನು ಯಾರೂ ಕತ್ತರಿಸುವುದಿಲ್ಲ. ಬಲೆ ಹಾಕಿ ಹಿಡಿದು, ಬಡಿದು ಕೊಂದು, ಆಮೇಲೆ ಕೂದಲು ಕೀಳುತ್ತಾರೆ. ಒಂದು ಪ್ರಾಣಿಯಿಂದ ಸಿಗುವುದು ಸುಮಾರು 40 ಗ್ರಾಂ. 2019ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ದೇಶದ ಹಲವು ಕಡೆ ಒಟ್ಟಿಗೆ ದಾಳಿ ಮಾಡಿದಾಗ 50 ಸಾವಿರಕ್ಕೂ ಹೆಚ್ಚು ಬ್ರಷ್, 100 ಕಿಲೋಗಿಂತ ಜಾಸ್ತಿ ಕೂದಲು ಸಿಕ್ಕಿತ್ತು. ಎಷ್ಟು ಜೀವ ಹೋಗಿರಬೇಕು, ಲೆಕ್ಕ ಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿಯನ್ನು ಕೊಲ್ಲುವುದು ಅಪರಾಧ. ಅದರ ಕೂದಲಿನ ಬ್ರಷ್ ಮಾರುವುದೂ ಅಪರಾಧ, ಜೈಲಾಗುತ್ತದೆ.

ಈ ಬ್ರಷ್ ಚೆನ್ನಾಗಿದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ನೀರು ಹಿಡಿಯುತ್ತದೆ, ತುದಿ ಚೂಪಾಗಿ ನಿಲ್ಲುತ್ತದೆ. ಹಳೆಯ ಕಲಾವಿದರು, ಬೋರ್ಡ್ ಬರೆಯುವವರು ಇದನ್ನೇ ಕೇಳಿ ಪಡೆಯುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ಈಗ ಒಳ್ಳೆಯ ನೈಲಾನ್ ಬ್ರಷ್ ಸಿಗುತ್ತವೆ. ನಮ್ಮ ಮಕ್ಕಳು ಅದರಲ್ಲೇ ಬಳ್ಳಿ, ಹೂಜಿ, ನಿಸರ್ಗ ಚಿತ್ರ ಎಲ್ಲ ಬರೆಯುತ್ತಾರೆ. ಅಂಕಕ್ಕೇನೂ ಕೊರತೆಯಾಗಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಬ್ರಷ್ಷಿನ ಕೂದಲನ್ನು ಬೆರಳಿನಿಂದ ಅಗಲಿಸಿ ಬೆಳಕಿಗೆ ಹಿಡಿಯಿರಿ. ತುದಿ ಕಡು ಕಂದು, ನಡುವೆ ಕೆನೆ ಬಣ್ಣ, ಬುಡದಲ್ಲಿ ಮತ್ತೆ ಕಪ್ಪಾಗಿದ್ದರೆ ಅನುಮಾನ ಪಡಬೇಕು. ನೈಲಾನ್ ಎಳೆಯಲ್ಲಿ ಇಂಥ ಪಟ್ಟೆ ಇರುವುದಿಲ್ಲ, ನಯವಾಗಿ ಹೊಳೆಯುತ್ತದೆ.

ನಮ್ಮದು ಕೃಷ್ಣಾ ದಂಡೆಯ ಕಬ್ಬಿನ ಸೀಮೆ. ಬದುವಿನ ಬಿಲದಲ್ಲಿ ಇಲಿ, ಇಲಿಯ ಹಿಂದೆ ಹಾವು. ಎರಡನ್ನೂ ತಿನ್ನುವ ಪ್ರಾಣಿ ಮುಂಗುಸಿ. ಹಗಲಲ್ಲೇ ಓಡಾಡುತ್ತದೆ, ಅದಕ್ಕೇ ಹಿಡಿಯುವವರ ಕಣ್ಣಿಗೂ ಬೇಗ ಬೀಳುತ್ತದೆ. ಕೋಳಿಮರಿ ಎತ್ತಿಕೊಂಡು ಹೋಗುತ್ತದೆ ಎಂಬ ಸಿಟ್ಟು ನಮ್ಮ ಹೆಣ್ಣುಮಕ್ಕಳಿಗೆ ಇದೆ, ಅದು ನಿಜವೂ ಹೌದು. ಮರಿಗಳ ಮೇಲೆ ಬುಟ್ಟಿ ಬೋರಲು ಹಾಕಿದರೆ ಆಯಿತು. ಬೆಳಗ್ಗೆ ಮುಂಗುಸಿ ಎದುರಾದರೆ ಒಳ್ಳೆಯದಾಗುತ್ತದೆ ಎನ್ನುವ ಜನ ನಾವು, ಅದನ್ನು ಕೊಂದ ಬ್ರಷ್ಷನ್ನು ಮಕ್ಕಳ ಕೈಗೆ ಕೊಡಬಹುದಾ?

ಅರಣ್ಯ ಇಲಾಖೆಯವರು ಪರೀಕ್ಷೆಗೆ ಮುಂಚೆಯೇ ತಾಲ್ಲೂಕಿನ ಸ್ಟೇಷನರಿ ಅಂಗಡಿಗಳನ್ನು ಒಮ್ಮೆ ನೋಡಲಿ. ಜಿಲ್ಲೆಯ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಸಾಮಾನಿನ ಪಟ್ಟಿಯಲ್ಲಿ 'ಬ್ರಷ್' ಎಂದಷ್ಟೇ ಬರೆಯಬೇಡಿ, 'ನೈಲಾನ್ ಬ್ರಷ್' ಎಂದೇ ಬರೆದು ಕೊಡಿ. ಪಾಲಕರು ಅಂಗಡಿಯಲ್ಲಿ ಅದನ್ನೇ ಕೇಳುತ್ತಾರೆ.

– ಒಬ್ಬ ಚಿತ್ರಕಲಾ ಶಿಕ್ಷಕಿ, ಜಮಖಂಡಿ, ಬಾಗಲಕೋಟೆ ಜಿಲ್ಲೆ