ಮುಖಕ್ಕಿಂತ ಮೊದಲು ಖಾತೆಯ ಮೇಲೆ ಕಣ್ಣಿರಲಿ

ಮಾನ್ಯ ಸಂಪಾದಕರೇ,

ಅಪರಾಧ ತಡೆಗೆ ಕೃತಕ ಬುದ್ಧಿಮತ್ತೆಯನ್ನು ಬಳಸಿಕೊಳ್ಳಬೇಕು, ಜನಸಂದಣಿಯ ಸ್ಥಳಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಕಬೇಕು ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ತಂತ್ರಜ್ಞಾನವೇ ಬೇಡ ಎನ್ನುವವನು ನಾನಲ್ಲ. ಆದರೆ ಅದನ್ನು ಮೊದಲು ಎಲ್ಲಿ ಕೆಲಸಕ್ಕೆ ಹಚ್ಚಬೇಕು ಎಂದು ಕೇಳಿದರೆ, ಬ್ಯಾಂಕ್ ಶಾಖೆಗಳಲ್ಲೇ ವೃತ್ತಿಜೀವನ ಕಳೆದ ನನ್ನ ಉತ್ತರ ಬೇರೆ ಇದೆ. ರಸ್ತೆಯಲ್ಲಿ ನಡೆದು ಹೋಗುವವರ ಮುಖಕ್ಕಿಂತ ಮೊದಲು, ಖಾತೆಯಿಂದ ಖಾತೆಗೆ ಹಾರುವ ವಂಚನೆಯ ಹಣದ ಮೇಲೆ ಅದರ ಕಣ್ಣು ಬೀಳಬೇಕು.

2025ರ ಜನವರಿ 17ರಂದು ಹಾಡಹಗಲೇ ಮಂಗಳೂರು ಬಳಿಯ ಕೋಟೆಕಾರಿನ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ನುಗ್ಗಿ ಚಿನ್ನ ದೋಚಿದಾಗ ಇಡೀ ಜಿಲ್ಲೆ ಬೆಚ್ಚಿಬಿದ್ದಿತ್ತು. ಕೆಲವೇ ದಿನಗಳಲ್ಲಿ ಆರೋಪಿಗಳು ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು. ಆದರೆ ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಹಣ ಕಳೆದುಕೊಳ್ಳುವ ಹಿರಿಯರ ಮನೆಗೆ ಯಾರೂ ಪಿಸ್ತೂಲು ಹಿಡಿದು ಬರುವುದಿಲ್ಲ. ಯಾವ ಟೋಲ್‌ಗೇಟಿನ ಕ್ಯಾಮೆರಾದಲ್ಲೂ ವಂಚಕರ ಕಾರು ಕಾಣಿಸುವುದಿಲ್ಲ. ಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು, ಇಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿವೆಯೆಂದು ಯಾರಿಗೂ ಹೇಳಬೇಕಾಗಿಲ್ಲ. ಅಂಥ ಮನೆಗೆ ವಿಡಿಯೊ ಕರೆ ಬರುತ್ತದೆ, ಸಮವಸ್ತ್ರ ತೊಟ್ಟವನು ಬೆದರಿಸುತ್ತಾನೆ, ಹೆದರಿದವರು ಠೇವಣಿ ಮುರಿದು ಹಣ ಕಳುಹಿಸುತ್ತಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲವೆಂದು ಪ್ರಧಾನಿಯವರು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಹೇಳಿದ ಮೇಲೂ ಇದು ನಿಂತಿಲ್ಲ.

ವಂಚಕನಿಗೆ ಫೋನ್ ಒಂದಿದ್ದರೆ ಸಾಲದು. ಹಣ ಬಂದು ಬೀಳಲು ಖಾತೆ ಬೇಕು, ಅದು ಅವನ ಹೆಸರಿನದ್ದಾಗಿರಬಾರದು. ಹಾಗಾಗಿ ವಿದ್ಯಾರ್ಥಿಗಳಿಗೆ, ಕೂಲಿ ಕಾರ್ಮಿಕರಿಗೆ, ಕೆಲಸ ಹುಡುಕುತ್ತಿರುವ ಯುವಕರಿಗೆ ಕಮಿಷನ್ ಆಸೆ ತೋರಿಸಿ ಎಟಿಎಂ ಕಾರ್ಡ್, ಸಿಮ್ ಸಮೇತ ಅವರ ಖಾತೆಯನ್ನು ಪಡೆಯುತ್ತಾರೆ. ಇವನ್ನೇ ಮ್ಯೂಲ್ ಖಾತೆ ಎನ್ನುವುದು. ಅವುಗಳ ನಡವಳಿಕೆಯಲ್ಲಿ ಒಂದು ಗುರುತು ಇರುತ್ತದೆ: ತಿಂಗಳುಗಟ್ಟಲೆ ಕೆಲವು ನೂರು ರೂಪಾಯಿ ಮಾತ್ರ ಇದ್ದ ಖಾತೆಗೆ ಒಂದು ಮಧ್ಯಾಹ್ನ ಲಕ್ಷಗಳು ಬರುತ್ತವೆ, ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತವೆ, ಸಂಜೆಗೆ ದೂರದ ಯಾವುದೋ ಊರಿನ ಎಟಿಎಂನಲ್ಲಿ ನಗದಾಗುತ್ತವೆ. ಕೋಟ್ಯಂತರ ವಹಿವಾಟುಗಳ ನಡುವೆ ಇದನ್ನು ಗುಮಾಸ್ತನಾಗಲಿ ಮ್ಯಾನೇಜರ್ ಆಗಲಿ ಆ ಕ್ಷಣಕ್ಕೆ ಕಾಣಲಾರರು; ಯಂತ್ರ ಕಾಣಬಲ್ಲದು. ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ಇದಕ್ಕೆಂದೇ ‘ಮ್ಯೂಲ್ ಹಂಟರ್’ ಎಂಬ ಎಐ ವ್ಯವಸ್ಥೆಯನ್ನು ರೂಪಿಸಿದ್ದು, 2024ರ ಡಿಸೆಂಬರ್‌ನಲ್ಲಿ ಅದನ್ನು ಬಳಸಿಕೊಳ್ಳುವಂತೆ ಬ್ಯಾಂಕುಗಳಿಗೆ ಕರೆ ನೀಡಲಾಯಿತು. ಇಂಥ ಖಾತೆಗಳ 19 ಬಗೆಯ ನಡವಳಿಕೆಗಳನ್ನು ಅಧ್ಯಯನ ಮಾಡಿ ಅದನ್ನು ಕಟ್ಟಲಾಗಿದೆ. ಅದಾಗಿ ಒಂದು ವರ್ಷದ ಬಳಿಕ, ಡಿಜಿಟಲ್ ಅರೆಸ್ಟ್ ಕುರಿತು ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮ್ಯೂಲ್ ಖಾತೆಗಳ ಪತ್ತೆಗೆ ಎಐ ಬಳಸುವ ಬಗ್ಗೆ ರಿಸರ್ವ್ ಬ್ಯಾಂಕಿನಿಂದ ವಿವರಣೆ ಕೇಳಬೇಕಾಯಿತು ಎಂಬುದು ನನಗೆ ಬೇಸರ ತಂದ ಸಂಗತಿ.

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದು ಈ ನೆಲದಲ್ಲಿ. ಪಿಗ್ಮಿ ಸಂಗ್ರಹಕ್ಕೆ ದಿನವೂ ಅಂಗಡಿ, ಮನೆಗಳಿಗೆ ಹೋಗುತ್ತಿದ್ದ ಏಜೆಂಟರಿಗೆ ಗ್ರಾಹಕರ ಕಷ್ಟಸುಖ ಗೊತ್ತಿತ್ತು. ಠೇವಣಿ ಅವಧಿಗೆ ಮೊದಲೇ ಮುರಿಯಲು ಬಂದ ಅಜ್ಜಿಯನ್ನು ಕೌಂಟರಿನವರು ತುಳುವಿನಲ್ಲಿ ‘ದಾಯೆ ಅಮ್ಮ, ದಾದ ಆಂಡ್?’ (ಯಾಕಮ್ಮ, ಏನಾಯಿತು?) ಎಂದು ಕೇಳದೆ ಕಳುಹಿಸುತ್ತಿರಲಿಲ್ಲ. ಈಗ ವಹಿವಾಟು ಮೊಬೈಲಿನಲ್ಲಿ ಮುಗಿಯುತ್ತದೆ, ಕೌಂಟರಿಗೆ ಬಂದರೂ ಭಾಷೆ ಬಾರದ ಸಿಬ್ಬಂದಿ ಹಲವೆಡೆ ಇದ್ದಾರೆ. ಆ ಪ್ರಶ್ನೆಯನ್ನು ಕೇಳುವಂತೆ ಸಿಬ್ಬಂದಿಯನ್ನು ಎಚ್ಚರಿಸುವ ಕೆಲಸವನ್ನಾದರೂ ಯಂತ್ರ ಮಾಡಲಿ. ಎಪ್ಪತ್ತು ದಾಟಿದ ಗ್ರಾಹಕರು ಹಿಂದೆಂದೂ ಹಣ ಕಳುಹಿಸದ ಖಾತೆಗೆ ಜೀವಮಾನದ ಉಳಿತಾಯವನ್ನು ಒಮ್ಮೆಗೇ ಕಳುಹಿಸಲು ಹೊರಟಾಗ ಅರ್ಧ ಗಂಟೆ ತಡೆದು ಒಂದು ಕರೆ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಯಂತ್ರ ಇಲ್ಲಿಯೂ ತಪ್ಪುತ್ತದೆ. ಬಂದರಿನ ದಕ್ಕೆಯಲ್ಲಿ ಮೀನು ಮಾರಿದವರಿಗೆ ಯುಪಿಐ ಮೂಲಕ ಬಂದ ನಾಲ್ಕು ನೂರು ರೂಪಾಯಿ ಎಲ್ಲೋ ನಡೆದ ವಂಚನೆಯ ಹಣವಾಗಿದ್ದರೆ, ಅವರ ಪೂರ್ತಿ ಖಾತೆ ಸ್ತಂಭಿಸಿ ಬೋಟಿನ ಡೀಸೆಲ್‌ಗೂ ದುಡ್ಡಿಲ್ಲದಂತಾಗಬಹುದು. ವಿವಾದಿತ ಮೊತ್ತಕ್ಕಷ್ಟೇ ತಡೆ ಸೀಮಿತವಾಗಿರಬೇಕೆಂದು ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಇಲ್ಲಿಯೂ ಅದೇ ನಿಯಮವಿರಲಿ. ಯಂತ್ರ ಬೆರಳು ತೋರಿಸಿದ ಮೇಲೆ ನಿರ್ಧರಿಸುವವನು ಹೆಸರು, ಹುದ್ದೆ ಇರುವ ಒಬ್ಬ ಅಧಿಕಾರಿಯಾಗಿರಲಿ. ಹಾಗಿದ್ದರೆ ಖಾತೆಯ ವಿಷಯದ ತಪ್ಪನ್ನು ಬೇಗ ಸರಿಪಡಿಸಬಹುದು.

ಮುಖದ ವಿಷಯದಲ್ಲಿ ಹಾಗಲ್ಲ. ಸಾವಿರಕ್ಕೆ ಒಮ್ಮೆ ಮಾತ್ರ ತಪ್ಪುವ ಕ್ಯಾಮೆರಾ ಎಂದೇ ಇಟ್ಟುಕೊಳ್ಳೋಣ. ಕುದ್ರೋಳಿಯ ದಸರಾ ಮೆರವಣಿಗೆಗೋ ಉಡುಪಿಯ ಪರ್ಯಾಯಕ್ಕೋ ಒಂದು ಲಕ್ಷ ಜನ ಬಂದರೆ ಅದು ನೂರು ನಿರಪರಾಧಿಗಳನ್ನು ಅಪರಾಧಿಗಳೆಂದು ತೋರಿಸುತ್ತದೆ. ದೆಹಲಿ ಪೊಲೀಸರು ಶೇ 80ಕ್ಕಿಂತ ಹೆಚ್ಚಿನ ಹೋಲಿಕೆಯನ್ನು ಹೊಂದಾಣಿಕೆ ಎಂದೇ ಪರಿಗಣಿಸುವುದು 2022ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಂತು. ಅಮೆರಿಕದ ಡೆಟ್ರಾಯಿಟ್ ಬಳಿ 2020ರ ಜನವರಿಯಲ್ಲಿ ಇಂಥ ತಪ್ಪು ಹೊಂದಾಣಿಕೆಯಿಂದಾಗಿ ಒಬ್ಬರನ್ನು ಮನೆಯ ಮುಂದೆಯೇ, ಹೆಂಡತಿ ಮಕ್ಕಳ ಎದುರು ಬಂಧಿಸಲಾಗಿತ್ತು. ಅಪರಾಧ ಎಲ್ಲಿ ನಡೆಯುತ್ತದೆಂದು ಮುಂಚಿತವಾಗಿ ಹೇಳುವ ತಂತ್ರಾಂಶವನ್ನು ಲಾಸ್ ಏಂಜಲೀಸ್ ಪೊಲೀಸರು ಅದೇ ವರ್ಷ ಕೈಬಿಟ್ಟರು. ಯಂತ್ರ ಕಲಿಯುವುದು ಹಳೆಯ ದಾಖಲೆಗಳಿಂದ. ಕೋಮು ಉದ್ವಿಗ್ನತೆಯನ್ನು ಮತ್ತೆ ಮತ್ತೆ ಕಂಡ ನಮ್ಮ ಜಿಲ್ಲೆಯಲ್ಲಿ ಯಾವ ಬೀದಿಯ, ಯಾವ ಸಮುದಾಯದ ಹೆಸರುಗಳು ಆ ದಾಖಲೆಗಳಲ್ಲಿ ತುಂಬಿವೆಯೋ ಅವರ ಮೇಲೆಯೇ ಅನುಮಾನ ಮರಳಿ ಬೀಳುತ್ತದೆ.

ದತ್ತಾಂಶ ಸೋರಿದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿಗರು ಈಗಾಗಲೇ ಉಂಡಿದ್ದಾರೆ. ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋದ ದೂರುಗಳು 2023ರಲ್ಲಿ ಇಲ್ಲಿ ಸಾಲುಸಾಲಾಗಿ ಬಂದವು, ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರೇ ಹೇಳಬೇಕಾಯಿತು. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚನ್ನೂ ಮುಖವನ್ನೂ ಬದಲಿಸಲಾಗದು. ಆದ್ದರಿಂದ ಯಾರ ಮುಖ ಎಷ್ಟು ದಿನ ಉಳಿಯುತ್ತದೆ, ಯಾರು ನೋಡಬಹುದು, ತಪ್ಪಾದರೆ ಹೊಣೆ ಯಾರದು ಎಂಬ ಲಿಖಿತ ನಿಯಮ ಸಾರ್ವಜನಿಕರ ಮುಂದೆ ಬರುವ ತನಕ ಮುಖ ಗುರುತಿಸುವ ಕ್ಯಾಮೆರಾ ನಮ್ಮ ನಗರಕ್ಕೆ ಬೇಡ.

ಜಿಲ್ಲಾ ಮಟ್ಟದ ಬ್ಯಾಂಕಿಂಗ್ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಸಾಲ, ಠೇವಣಿಗಳ ಅನುಪಾತ, ಆದ್ಯತಾ ವಲಯದ ಗುರಿ ಅಲ್ಲಿ ಚರ್ಚೆಯಾಗುತ್ತವೆ. ಮುಂದಿನ ಸಭೆಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯ ಅಧಿಕಾರಿಗಳನ್ನೂ ಕರೆದು, ಪ್ರತಿ ಬ್ಯಾಂಕ್ ಈ ಅವಧಿಯಲ್ಲಿ ಎಷ್ಟು ಮ್ಯೂಲ್ ಖಾತೆಗಳನ್ನು ಪತ್ತೆಹಚ್ಚಿತು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋದ ಎಷ್ಟು ನಿಮಿಷಗಳಲ್ಲಿ ಹಣ ತಡೆಹಿಡಿಯಿತು, ತಪ್ಪಾಗಿ ಸ್ತಂಭಿಸಿದ ಖಾತೆಗಳೆಷ್ಟು ಎಂಬ ಲೆಕ್ಕವನ್ನು ಕೇಳಿ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ಕದ್ರಿ, ಮಂಗಳೂರು